ಬರೆಯದೆ ಉಳಿದ ತಿಥಿ

ಶಿವಮೊಗ್ಗ
೨ ಆಗಸ್ಟ್ ೨೦೨೫

ಅಕ್ಕಾ,

ಕಾಗದದಲ್ಲಿ ಮೊದಲು ಕ್ಷೇಮಸಮಾಚಾರ ಬರೆಯಬೇಕು ಎಂದು ಶಾಲೆಯ ಮಕ್ಕಳಿಗೆಲ್ಲ ಕಲಿಸಿದವಳು ನೀನು. ನಾನು ಬರೆಯುವುದಿಲ್ಲ. ಒಡಹುಟ್ಟಿದವನನ್ನು ವ್ಯಾನಿಗೆ ತುಂಬಿಸಿ ಕಳಿಸಿದವಳಿಗೆ ಅವನ ಕ್ಷೇಮ ಎಷ್ಟಿದೆ ಎಂದು ಗೊತ್ತಿರಬೇಕು.

ಸವಳಂಗ ರಸ್ತೆಯಿಂದ ಒಳಗೆ ಒಂದು ಅಡ್ಡರಸ್ತೆಯಲ್ಲಿ ಎರಡಂತಸ್ತಿನ ಮನೆ. ಹೊರಗೆ ವ್ಯಸನಮುಕ್ತಿ ಕೇಂದ್ರ ಎಂದು ಬೋರ್ಡು, ಒಳಗೆ ಕಿಟಕಿಗೆಲ್ಲ ಜಾಲರಿ. ಫೋನ್ ತೆಗೆದಿಟ್ಟುಕೊಂಡಿದ್ದಾರೆ. ಡಾಕ್ಟರು ಒಪ್ಪುವವರೆಗೆ ಭೇಟಿಯೂ ಇಲ್ಲ. ಕೌನ್ಸೆಲರ್ ಸುಷ್ಮಾ ಮೇಡಂ ಇವತ್ತು ಕಾಗದ, ಪೆನ್ನು ತಂದುಕೊಟ್ಟು, "ಭಟ್ಟರೇ, ಮನೆಯವರಿಗೆ ಬರೀರಿ. ಬರೆಯೋದೂ ಒಂದು ಔಷಧಾನೇ" ಅಂದರು. ಬರೆದದ್ದನ್ನು ಅವರು ಓದಿಯೇ ಅಂಚೆಗೆ ಹಾಕುವುದು. ಮೇಡಂ, ಓದಿಕೊಳ್ಳಿ, ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ.

ಮೊದಲ ಹತ್ತು ದಿನ ಏನಾಯಿತೋ ನೆನಪಿಲ್ಲ. ಆಮೇಲೆ ಕೈ ನಡುಗುವುದು ಕಡಿಮೆಯಾಯಿತು. ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಇಲ್ಲಿ ದಿನವಿಡೀ ನಡೆಯುವ ಮಾತು ಒಂದೇ: ಯಾರ ಮನೆಯವರು ಎಷ್ಟು ಕಟ್ಟಿದ್ದಾರೆ. ಮಹಡಿಯ ಮೇಲಿನ ಬೇರೆ ರೂಮಿನಲ್ಲಿ ಅಡಿಕೆ ಮಂಡಿಯವರ ಮಗ ಇದ್ದಾನೆ, ಅವನದು ನಮ್ಮದರ ಎರಡರಷ್ಟಂತೆ. ಗಂಜಿ ಮಾತ್ರ ಎಲ್ಲರಿಗೂ ಒಂದೇ ಪಾತ್ರೆಯದು. ನಮ್ಮದು ತಿಂಗಳಿಗೆ ಹದಿನೆಂಟು ಸಾವಿರ. ಔಷಧ, ಡಾಕ್ಟರು ಬಂದುಹೋದದ್ದು, ರಕ್ತಪರೀಕ್ಷೆ ಎಲ್ಲ ಬೇರೆ ಬಿಲ್ಲು ಎಂದು ಅಡುಗೆಯ ರೂಪೇಶ್ ಹೇಳಿದ. ನನ್ನನ್ನು ಹೊತ್ತು ತಂದ ವ್ಯಾನಿಗೂ ಬಾಡಿಗೆ ಇದೆಯಂತೆ. ಸತ್ತವರನ್ನು ಹೊರುವವರೂ ಇಷ್ಟು ಕೇಳುವುದಿಲ್ಲ. ಈ ದುಡ್ಡು ಎಲ್ಲಿಂದ ತಂದೆ ಅಕ್ಕಾ?

ಇನ್ನೊಂದು ವಿಷಯ. ರಾಗಿಗುಡ್ಡದ ಸುಬ್ಬಪ್ಪನವರ ತಂದೆಯ ತಿಥಿ ಶ್ರಾವಣ ಬಹುಳ ಪಂಚಮಿ. ಅವರಿಗೆ ಅದು ನೆನಪಿರುವುದಿಲ್ಲ. ಎಂಟು ದಿನ ಮುಂಚೆ ನಾನೇ ಫೋನ್ ಮಾಡಿ ಹೇಳುವುದು. ಚಿಕ್ಕಪ್ಪನ ಮಗ ಗಣಪಯ್ಯನನ್ನು ಕಳಿಸು. ಆದರೆ ಬಾಗಿಲಲ್ಲೇ "ನಿರಂಜನನ ಬದಲಿಗೆ ಬಂದಿದ್ದೇನೆ" ಎಂದು ಹೇಳಲಿ. ಬದಲಿಗೆ ಎನ್ನುವ ಮಾತು ಮರೆಯಬಾರದು.

ನಿರಂಜನ


ಭದ್ರಾವತಿ
೬ ಆಗಸ್ಟ್ ೨೦೨೫

ನಿರಂಜನಾ,

ನಿನ್ನ ಬೈಗುಳ ತಲುಪಿತು. ಅಕ್ಷರ ನೋಡಿ ಸಮಾಧಾನವಾಯಿತು. ಬೈಯುವಷ್ಟು ತ್ರಾಣ ಬಂದಿದೆಯಲ್ಲ, ಅಷ್ಟು ಸಾಕು.

ಹೌದು, ವ್ಯಾನಿಗೆ ತುಂಬಿಸಿದೆ. ಹಾಲು ತರುತ್ತೇನೆಂದು ಹೋದವನು ಚರಂಡಿಯ ಪಕ್ಕ ಬಿದ್ದಿದ್ದೆ. ಎತ್ತಿಕೊಂಡು ಬಂದ ತಮಿಳರ ಹುಡುಗರು ನಿನ್ನನ್ನು ನಮ್ಮ ಜಗುಲಿಯ ಮೇಲೆ ಮಲಗಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು, ಭಟ್ಟರಲ್ಲವೇ ಎಂದು. ಆ ನಮಸ್ಕಾರ ನೋಡಿದ ಮೇಲೆ ನನಗೆ ಬೇರೆ ದಾರಿ ಕಾಣಲಿಲ್ಲ ಮಾರಾಯ.

ಖರ್ಚಿನ ಚಿಂತೆ ನಿನಗೆ ಬೇಡ. ಕೇಂದ್ರದವರು ನಾನು ರಿಟೈರಾದ ಟೀಚರ್ ಎಂದು ತಿಳಿದು ಅರ್ಧ ಬಿಟ್ಟಿದ್ದಾರೆ. ಉಳಿದದ್ದು ಪಿಂಚಣಿಯಲ್ಲಿ ಆಗುತ್ತದೆ. ನನಗೊಬ್ಬಳಿಗೆ ಊಟಕ್ಕೆ ಎಷ್ಟು ಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದೇನೆ, ಹೆದರಬೇಡ.

ಸುಬ್ಬಪ್ಪನವರ ಮನೆಗೆ ಗಣಪಯ್ಯ ಹೋಗುತ್ತಾನೆ. "ಬದಲಿಗೆ" ಎಂದು ಹೇಳಲು ಹೇಳಿದ್ದೇನೆ. ಉಳಿದ ಮನೆಗಳದ್ದೂ ಬರೆ. ಬೇರೆಯವರ ಮನೆಯ ಸಾವಿನ ದಿನಗಳನ್ನು ನಮ್ಮ ಗೋಡೆಯೊಳಗೆ ಬರೆದಿಡಬಾರದು ಎಂದು ಅಪ್ಪ ಒಂದಕ್ಷರ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಎಲ್ಲ ನಿನ್ನ ತಲೆಯಲ್ಲಿದೆ. ಆ ತಲೆಯನ್ನು ನೀನು ಏನು ಮಾಡಿಕೊಂಡಿದ್ದೆ ಎಂದು ನಾನು ಹೇಳಬೇಕಾಗಿಲ್ಲ. ಅವಸರವಿಲ್ಲ, ನೆನಪಾದಷ್ಟು ಬರೆ.

ಉಪಾಕರ್ಮ ಹತ್ತಿರ ಬಂತು. ಇದರೊಳಗೆ ಹೊಸ ಜನಿವಾರ ಇಟ್ಟಿದ್ದೇನೆ. ಹೋಮ ಇಲ್ಲದಿದ್ದರೂ ಗಾಯತ್ರಿ ಹೇಳಿ ಹಾಕಿಕೋ.

ಅಕ್ಕ


ಶಿವಮೊಗ್ಗ
೧೪ ಆಗಸ್ಟ್ ೨೦೨೫

ಅಕ್ಕಾ,

ಜನಿವಾರ ತಲುಪಿತು. ನೂಲು ಸಣ್ಣಗಿದೆ, ಚೆನ್ನಾಗಿದೆ.

ನಿನಗೆ ಅರ್ಧ ಬಿಟ್ಟಿದ್ದಾರೆ ಎಂದು ರೂಪೇಶನಿಗೆ ಹೇಳಿದೆ. ಅವನು ಸೌಟು ಕೆಳಗಿಟ್ಟು ನಕ್ಕ. "ಇಲ್ಲಿ ಬಿಡೋದು ಕುಡಿಯೋದು ಮಾತ್ರ ಭಟ್ರೇ" ಅಂದ. ಅವನೂ ಮೊದಲು ಇಲ್ಲಿ ಚಿಕಿತ್ಸೆಗೆ ಬಂದವನೇ. ಎರಡನೇ ತಿಂಗಳು ಮನೆಯವರಿಗೆ ಕಟ್ಟಲಾಗದೆ ಅಡುಗೆಗೆ ನಿಂತು ಲೆಕ್ಕ ತೀರಿಸಿದನಂತೆ. ತೀರಿದ ಮೇಲೂ ಹೋಗಲಿಲ್ಲ. ಇರಲಿ, ಟೀಚರಿಗೆ ಮರ್ಯಾದೆ ಕೊಡುವ ಜನ ಇನ್ನೂ ಇದ್ದಾರೆ ಎಂದು ನಂಬುತ್ತೇನೆ.

ನೆನಪು ಬರುತ್ತಿದೆ ಅಕ್ಕಾ. ಅದು ಬರುವ ರೀತಿ ವಿಚಿತ್ರ. ತಿಥಿ ಮೊದಲು ಬರುವುದಿಲ್ಲ, ಆ ಮನೆಯ ವಾಸನೆ ಬರುತ್ತದೆ. ಪೇಪರ್ ಟೌನಿನ ರಂಗಣ್ಣನವರ ಮನೆ ಎಂದರೆ ಮೊದಲು ಸುಟ್ಟ ಎಳ್ಳು, ಹಿಂದೆಯೇ ಅವರ ಮನೆಯ ಗಟ್ಟಿ ವಡೆ. ಆಮೇಲೆ ಅವರ ತಾಯಿಯ ತಿಥಿ, ಭಾದ್ರಪದ ಶುದ್ಧ ತ್ರಯೋದಶಿ. ಹಳೇನಗರದ ವಕೀಲರ ಮನೆಯಲ್ಲಿ ನಾಯಿ ಕಟ್ಟುವುದಿಲ್ಲ, ಅವರ ತಂದೆಯದು ಶ್ರಾವಣ ಬಹುಳ ದ್ವಾದಶಿ. ಬಿ.ಹೆಚ್. ರಸ್ತೆಯ ಬಟ್ಟೆ ಅಂಗಡಿಯವರಿಗೆ ಹನ್ನೊಂದೂವರೆಗೆ ಮುಗಿಯಬೇಕು, ಒಂದು ನಿಮಿಷ ಮೀರಿದರೆ ಗಡಿಯಾರ ನೋಡಿ ಕೆಮ್ಮುತ್ತಾರೆ. ಇವತ್ತು ಬೆಳಿಗ್ಗೆಯಿಂದ ಇಷ್ಟಾಯಿತು. ಹಿಂದಿನ ಪುಟದಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಸುಷ್ಮಾ ಮೇಡಂ ನೋಡಿ ಖುಷಿಪಟ್ಟರು. ಡಾಕ್ಟರಿಗೂ ತೋರಿಸಿದರು. ಬೇರೆಯವರಿಗೆ ನಿನ್ನೆ ತಿಂದದ್ದು ನೆನಪಿರುವುದಿಲ್ಲ, ಇವರಿಗೆ ಊರಿನ ಸತ್ತವರೆಲ್ಲ ನೆನಪಿದ್ದಾರೆ ಎಂದು ಡಾಕ್ಟರು ನಕ್ಕರು. ನನಗೂ ಬಹಳ ದಿನದ ಮೇಲೆ ನಗು ಬಂತು.

ಒಂದು ಮಾತು ಹೇಳುತ್ತೇನೆ, ಮೇಡಂ ಓದಿದರೆ ಓದಲಿ. ಕೊರೊನಾ ವರ್ಷ ಭದ್ರೆಯ ದಡದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾಡಿದ ಕೆಲಸ ನಿನಗೆ ಗೊತ್ತು. ಮಗ ಬಾರದ ಮನೆಗಳಿಗೆ ನಾನೇ ಮಗನಾಗಿ ನಿಂತೆ. ನಿದ್ದೆ ಬರುತ್ತಿರಲಿಲ್ಲ. ನಿದ್ದೆಗೆಂದು ಶುರುವಾದದ್ದು. ಇದು ಸಬೂಬಲ್ಲ, ನಡೆದದ್ದು. ಇಲ್ಲಿ ಮಲಗಿರುವಾಗ ನನಗೆ ಇರುವ ಒಂದೇ ಆಸೆ, ಈ ಪಕ್ಷಮಾಸ ತಪ್ಪಿದರೂ ಕಾರ್ತಿಕದ ಹೊತ್ತಿಗೆ ಆ ಮನೆಗಳ ಬಾಗಿಲಲ್ಲಿ ನೆಟ್ಟಗೆ ನಿಲ್ಲಬೇಕು. ಆ ಮನೆಗಳಿವೆ ಎಂದೇ ನಾನು ಈ ಗಂಜಿ ಕುಡಿಯುತ್ತಿದ್ದೇನೆ.

ನಿರಂಜನ


ಭದ್ರಾವತಿ
೧೯ ಆಗಸ್ಟ್ ೨೦೨೫

ನಿರಂಜನಾ,

ಪಟ್ಟಿ ತಲುಪಿತು. ಗಣಪಯ್ಯನಿಗೆ ಕೊಟ್ಟೆ.

ಮೊನ್ನೆ ಶಿವಮೊಗ್ಗಕ್ಕೆ ಬಂದಿದ್ದೆ. ಕೇಂದ್ರದ ಆಫೀಸಿನಲ್ಲಿ ಡಾಕ್ಟರು ಮೂರು ತಿಂಗಳು ಇರಲೇಬೇಕು ಅಂದರು. ಒಂದೇ ತಿಂಗಳಿಗೆ ಕರೆದುಕೊಂಡು ಹೋದರೆ ಹತ್ತರಲ್ಲಿ ಎಂಟು ಜನ ವಾಪಸ್ ಬರುತ್ತಾರಂತೆ, ಬರುವ ಸ್ಥಿತಿಯಲ್ಲಿದ್ದರೆ. ನೀನು ಮೇಲೆ ಇದ್ದೆ. ಯಾರೋ ಕೆಮ್ಮಿದ್ದು ಕೇಳಿಸಿತು, ನೀನೇ ಎಂದುಕೊಂಡು ಹೊರಟು ಬಂದೆ.

ಅಲ್ಲೇ ಹೊಸಮನೆ ಬಡಾವಣೆಯ ದಾಕ್ಷಾಯಣಮ್ಮನವರನ್ನು ನೋಡಿ ಬಂದೆ. ಹಳೆಯ ಸಹೋದ್ಯೋಗಿ, ಒಬ್ಬರೇ ಇರುತ್ತಾರೆ, ಮಗ ತೀರಿಹೋದ ಮೇಲೆ ಜನ ಹೋಗಿ ಬರುವುದು ಕಡಿಮೆ. ಕಾಫಿ ಕೊಟ್ಟರು. ಅದೂ ಇದೂ ಮಾತಾಡಿದೆವು.

ಉಳಿದ ಮನೆಗಳದ್ದೂ ಬರೆ. ಪಕ್ಷದ್ದು, ಕಾರ್ತಿಕದ್ದು, ಮಾಘದವರೆಗೂ ಬರೆ. ಒಂದು ವರ್ಷದ್ದು ಇರಲಿ. ನಿನ್ನ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ. ಚೆನ್ನಾಗಿ ಊಟ ಮಾಡು.

ಅಕ್ಕ


ಶಿವಮೊಗ್ಗ
೨೯ ಆಗಸ್ಟ್ ೨೦೨೫

ಅಕ್ಕಾ,

ಗೌರಿ ಹಬ್ಬಕ್ಕೆ ನಿನಗೆ ಬಾಗಿನದ ದುಡ್ಡು ಕೊಡಲಾಗಲಿಲ್ಲ. ಅಪ್ಪ ಹೋದ ಮೇಲೆ ಕುಡಿದಿದ್ದಾಗಲೂ ಅದೊಂದು ತಪ್ಪಿಸಿರಲಿಲ್ಲ. ಈ ಸಲ ತವರಿನ ಲೆಕ್ಕದಲ್ಲಿ ನಿನಗೆ ಏನೂ ಬರಲಿಲ್ಲ.

ಚೌತಿಗೆ ಇಲ್ಲೂ ಒಂದು ಮಣ್ಣಿನ ಗಣಪತಿ ಕೂರಿಸಿದ್ದರು. ಪೂಜೆಗೆ ಬಂದವನು ಗಣಪಯ್ಯ. ಬಿಳಿ ಪಂಚೆ, ಶಲ್ಯ, ಕಿವಿಯಲ್ಲಿ ಅದೇ ಚಿನ್ನದ ಒಂಟಿ. ನಾನು ಜಮಖಾನದ ಮೇಲೆ ಉಳಿದವರ ಜೊತೆ ಕೂತಿದ್ದೆ. ಪೂಜೆ ಮುಗಿಸಿ ಅವನು ಆಫೀಸಿಗೆ ಹೋಗಿ ಒಂದು ಕವರು ಕೊಟ್ಟು ರಸೀದಿ ಬರೆಸಿಕೊಂಡ. ಪೂಜೆ ಮಾಡಿದವನೇ ದುಡ್ಡು ಕೊಟ್ಟು ಹೋಗುವುದನ್ನು ಜನ್ಮದಲ್ಲಿ ಮೊದಲ ಸಲ ನೋಡಿದೆ. ದೇಣಿಗೆ ಇರಬೇಕು ಎಂದುಕೊಂಡೆ. ಮೆಟ್ಟಿಲ ಹತ್ತಿರ ನನ್ನ ಜೊತೆ ಸ್ವಲ್ಪ ಹೊತ್ತು ಮಾತಾಡಿ ಹೋದ. ಸೊರಗಿದ್ದಾನೆ, ಮೊದಲಿನ ಹಾಗೆ ಇಲ್ಲ. ಎರಡು ಊರಿನ ಮನೆಗಳನ್ನು ಸುತ್ತುವುದು ಸುಲಭವಲ್ಲ.

ನೀನು ಕೇಳಿದ ಹಾಗೆ ಉಳಿದ ಮನೆಗಳ ತಿಥಿಗಳನ್ನೆಲ್ಲ ಬರೆದಿದ್ದೇನೆ. ಮಾಘದವರೆಗೂ ಇದೆ. ಯಾರ ಮನೆಯಲ್ಲಿ ಯಾವ ಕ್ರಮ, ಯಾರು ದರ್ಭೆ ತಾವೇ ತರುತ್ತಾರೆ, ಯಾರಿಗೆ ನಾವೇ ಒಯ್ಯಬೇಕು, ಎಲ್ಲ ಇದೆ. ಪೇಪರ್ ಟೌನಿನ ವಡೆಯ ಬಗ್ಗೆ ಗಣಪಯ್ಯನಿಗೆ ಮೊದಲೇ ಹೇಳಿರಲಿ, ಅವನ ಹಲ್ಲು ಸರಿಯಿಲ್ಲ.

ನಿನ್ನ ಆರೋಗ್ಯ ನೋಡಿಕೋ.

ನಿರಂಜನ


ಭದ್ರಾವತಿ
೩ ಸೆಪ್ಟೆಂಬರ್ ೨೦೨೫

ನಿರಂಜನಾ,

ಬಾಗಿನದ ಮಾತು ಎತ್ತಬೇಡ. ನೀನು ಕಾಗದ ಬರೆಯುತ್ತಿದ್ದೀಯಲ್ಲ, ನನಗೆ ಅದೇ ಬಾಗಿನ.

ಗಣಪಯ್ಯ ಕೊಟ್ಟದ್ದು ದೇಣಿಗೆಯೇ. ಅವನ ಸ್ವಭಾವ ಗೊತ್ತಲ್ಲ, ಯಾರು ಕೇಳಿದರೂ ಕೊಡುತ್ತಾನೆ. (ಯಾರು ಕೇಳಿದರೂ ಕೊಡುವವನಲ್ಲ ಎಂದು ನೀನು ನಗಬಹುದು. ಮನುಷ್ಯ ಬದಲಾಗುತ್ತಾನೆ.) ಅವನು ನಿನಗೆ ಏನಾದರೂ ಹೇಳಿದನೇ? ಏನು ಹೇಳಿದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಮನೆಗಳು ನಿನ್ನವೇ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗೆ ಇತ್ತು. ಆದರೆ ಒಂದು ಮನೆ ಬಿಟ್ಟುಹೋಗಿದೆ. ದಾಕ್ಷಾಯಣಮ್ಮನವರ ಮಗ ಪ್ರಣವನದು. ಗಣಪಯ್ಯ ಅವರನ್ನೇ ಕೇಳಲು ಹೋಗಿದ್ದ. "ತಿಥಿ ನನಗೆ ಗೊತ್ತು, ಬರಬೇಕಾದವರಿಗೂ ಗೊತ್ತು" ಎಂದು ಬಾಗಿಲಲ್ಲೇ ಹೇಳಿ ಕಳಿಸಿದರಂತೆ. ಅವನಿಗೆ ಅವಮಾನವಾಗಿದೆ. ಮರೆತಿದ್ದರೆ ನೆನಪು ಮಾಡಿಕೊಂಡು ಬರೆ.

ಅಕ್ಕ


ಶಿವಮೊಗ್ಗ
೧೨ ಸೆಪ್ಟೆಂಬರ್ ೨೦೨೫

ಅಕ್ಕಾ,

ಮರೆತಿಲ್ಲ. ಅದನ್ನು ಬರೆಯುವುದಿಲ್ಲ.

ಚೌತಿಯ ದಿನ ಮೆಟ್ಟಿಲ ಹತ್ತಿರ ಗಣಪಯ್ಯ ಹೇಳಿದ ಮಾತು ಇದು: "ಮನೆಗಳು ಇನ್ನು ಮುಂದೆ ನಂದು ಅಂತ ನಿನ್ನ ಭಾಮಕ್ಕನೇ ತೆಂಗಿನಕಾಯಿ ತಾಂಬೂಲ ಕೊಟ್ಟಾಗಿದೆ ಮಾರಾಯ. ಇಲ್ಲಿಯ ದುಡ್ಡು ನಾನು ಕಟ್ತಾ ಇದೀನಿ. ನೀನು ಉಳಿದ ತಿಥಿ ಬೇಗ ಬರೆದು ಕಳ್ಸು. ನಾನೇನು ಕಿತ್ಕೊಂಡಿಲ್ಲ. ನೀನು ಬರ್ತೀಯ ಅಂತ ಎಷ್ಟು ಮನೇಲಿ ಎಲೆ ಹಾಕ್ಕೊಂಡು ಕಾದಿದಾರೆ, ಗೊತ್ತಾ ನಿಂಗೆ?"

ಗೊತ್ತಿತ್ತು.

ಆ ರಾತ್ರಿ ನಿನ್ನ ಮೇಲೆ ಬಂದ ಸಿಟ್ಟಿಗೆ ಕೈಯಲ್ಲಿ ಬಾಟಲಿ ಇದ್ದಿದ್ದರೆ ಏನಾಗುತ್ತಿತ್ತೋ. ಜಾಲರಿ ಇತ್ತು, ಒಳ್ಳೆಯದಾಯಿತು. ಒಂದೊಂದು ಮನೆ ನೆನಪಾದಾಗಲೂ ನಾನು ಮಗುವಿನ ಹಾಗೆ ಹಿಗ್ಗಿ ನಿನಗೆ ಬರೆದೆ. ಮೇಡಂ ಹಿಗ್ಗಿದರು, ಡಾಕ್ಟರು ಹಿಗ್ಗಿದರು. ಒಂದೊಂದು ನೆನಪಾದ ಹಾಗೆ ಒಂದೊಂದು ಮನೆ ಕೈಬಿಟ್ಟು ಹೋಗುತ್ತಿತ್ತು ಎಂದು ಒಬ್ಬರಿಗೂ ಗೊತ್ತಿರಲಿಲ್ಲ, ನಿನ್ನ ಹೊರತು. ಒಬ್ಬ ಕುಡುಕನನ್ನು ಸರಿಮಾಡಲು ಎಷ್ಟಾಗುತ್ತದೆ ಎಂದು ಈಗ ತಿಳಿಯಿತು. ಇವರು ಹದಿನೆಂಟು ಸಾವಿರ ಎನ್ನುತ್ತಾರೆ. ಅಜ್ಜ, ಅಪ್ಪ ಬರಿಗಾಲಲ್ಲಿ ನಡೆದು ಕಟ್ಟಿದ್ದಷ್ಟೂ ಆಗುತ್ತದೆ.

ತಿಳಿದ ಮೇಲೂ ಉಳಿದ ತಿಥಿಗಳನ್ನು ಯಾಕೆ ಬರೆದೆ ಎಂದು ಕೇಳುತ್ತೀಯಾ? ಬರೆಯದಿದ್ದರೆ ಆ ಮನೆಗಳಲ್ಲಿ ತಿಥಿ ನಿಲ್ಲುತ್ತದೆ. ನಮ್ಮ ಜಗಳಕ್ಕೆ ಸತ್ತವರು ಯಾಕೆ ಉಪವಾಸ ಬೀಳಬೇಕು?

ಪ್ರಣವನದು ಬೇರೆ. ಆ ಹುಡುಗನೂ ನನ್ನ ಹಾಗೆಯೇ. ಅವನನ್ನು ಕುಡಿತ ನುಂಗಿತು. ಅವನ ತಿಥಿಗೆ ಪ್ರತಿ ವರ್ಷವೂ ನಾನು ಕುಡಿದೇ ಹೋಗಿದ್ದೇನೆ. ಹೋದ ವರ್ಷ ಗೋಡೆ ಹಿಡಿದು ಕೂತು ಮಂತ್ರ ಹೇಳಿದೆ, ಅರ್ಧ ಹೇಳಿದೆ, ಅರ್ಧ ನುಂಗಿದೆ. ದಾಕ್ಷಾಯಣಮ್ಮ ತಲೆತಗ್ಗಿಸಿ ಕೂತಿದ್ದರು. ದಕ್ಷಿಣೆ ಕೊಟ್ಟು, "ನಿಧಾನ ಹೋಗಿ ಭಟ್ರೇ, ಮೆಟ್ಟಿಲಿದೆ" ಅಂದರು. ಆ ಮನೆಯನ್ನು ನಾನು ಯಾರಿಗೂ ಕೊಡಲಾರೆ. ಅದು ನನ್ನ ಆಸ್ತಿ ಎಂದಲ್ಲ, ನಾನು ಅಲ್ಲಿ ಸಾಲಗಾರ.

ಇನ್ನೊಂದು ಸುಳ್ಳು ನನ್ನದೂ ಇದೆ. ನೀನು ಕಳಿಸಿದ ಜನಿವಾರ ಹಾಕಿಕೊಳ್ಳಲಿಲ್ಲ. ಬಂದ ದಿನವೇ ಸೊಂಟದ ಉಡಿದಾರ, ಮೈಮೇಲಿನ ಜನಿವಾರ ಎಲ್ಲ ಬಿಚ್ಚಿಸಿಕೊಂಡರು. ಯಾರಾದರೂ ಕುತ್ತಿಗೆಗೆ ಬಿಗಿದುಕೊಂಡಾರು ಎಂದು ನಿಯಮ. ನಿನ್ನದು ಮೇಡಂ ಡ್ರಾಯರಿನಲ್ಲಿದೆ. ಉಪಾಕರ್ಮದ ದಿನ ಬರಿ ಮೈಯಲ್ಲಿ ಗಾಯತ್ರಿ ಹೇಳಿದೆ.

ಮೂರನೇ ತಿಂಗಳಿನ ದುಡ್ಡು ಗಣಪಯ್ಯನಿಂದ ತೆಗೆದುಕೊಳ್ಳಬೇಡ. ರೂಪೇಶನ ಜೊತೆ ಅಡುಗೆಗೆ ನಿಲ್ಲುತ್ತೇನೆ ಎಂದು ಆಫೀಸಿನಲ್ಲಿ ಒಪ್ಪಿಸಿದ್ದೇನೆ. ಭೇಟಿಗೆ ಡಾಕ್ಟರು ಒಪ್ಪಿದ್ದಾರೆ. ನೀನು ಬರಬೇಡ.

ನಿರಂಜನ


ಭದ್ರಾವತಿ
೨೦ ಸೆಪ್ಟೆಂಬರ್ ೨೦೨೫

ನಿರಂಜನಾ,

ನಾಳೆ ಮಹಾಲಯ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಅಪ್ಪನಿಗೆ ಎಲೆ ಹಾಕುವವರಿಲ್ಲ. ಗಣಪಯ್ಯ ತಾನು ಬರುತ್ತೇನೆ ಎಂದ, ಬೇಡ ಎಂದೆ. ಮನೆಯಲ್ಲಿ ಗಂಡು ದಿಕ್ಕಿದೆ, ಸದ್ಯಕ್ಕೆ ಊರಲ್ಲಿಲ್ಲ ಎಂದೆ.

ಸುಳ್ಳು ಹೇಳಿದ್ದು ನಿಜ. ಯಾರೂ ಅರ್ಧ ಬಿಡಲಿಲ್ಲ. ಮೊದಲ ತಿಂಗಳಿಗೇ ನನ್ನ ಠೇವಣಿ ಮುಗಿಯಿತು. ಗಣಪಯ್ಯನ ಹತ್ತಿರ ಸಾಲ ಕೇಳಿದೆ. "ಸಾಲ ಬೇಡ ಭಾಮಕ್ಕ, ಮನೆಗಳನ್ನು ಕೊಡು, ಉಳಿದ ತಿಂಗಳದ್ದೆಲ್ಲ ನಾನು ಕಟ್ತೀನಿ" ಅಂದ. ಬೈದು ಕಳಿಸಿದೆ. ನಿನ್ನನ್ನು ತಿಂಗಳಿಗೇ ಕರೆದುಕೊಂಡು ಬರೋಣ, ಮನೆಯ ಬಾಗಿಲಿಗೆ ಬೀಗ ಹಾಕಿ ನಾನೇ ಕಾಯುತ್ತೇನೆ ಎಂದು ತೀರ್ಮಾನಿಸಿ ಶಿವಮೊಗ್ಗಕ್ಕೆ ಬಂದೆ. ಬಂದವಳು ದಾಕ್ಷಾಯಣಮ್ಮನವರ ಮನೆಗೆ ಯಾಕೆ ಹೋದೆನೋ. ಇದನ್ನೇ ಅಲ್ಲವೇ ಅವರೂ ಕಂಡದ್ದು ಎಂದು ಕೇಳಲು ಹೋದೆ.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಭಾಮಾ, ನಾನೂ ಪ್ರಣವನ್ನ ಅಂಥಾ ಕಡೆ ಸೇರಿಸಿದ್ದೆ. ಒಂದು ತಿಂಗಳಾದ ಮೇಲೆ ಕಟ್ಟೋಕೆ ಆಗ್ಲಿಲ್ಲ ಅಂತ ಎಲ್ರಿಗೂ ಹೇಳ್ತೀನಿ. ಅದು ಸುಳ್ಳು. ನನ್ನ ಬಳೆ ಇತ್ತು, ನಾಲ್ಕು. ನಾಳೆ ಸೊಸೆ ಬರ್ತಾಳೆ, ಅವ್ಳಿಗೆ ಬೇಕು ಅಂತ ಇಟ್ಕೊಂಡೆ. ಮೈಕೈ ತುಂಬ್ಕೊಂಡಿದ್ದ, ಸರಿಹೋಗಿದಾನೆ ಅಂತ ನಂಬಿ ಕರ್ಕೊಂಡು ಬಂದೆ. ಬಳೆ ಈಗ್ಲೂ ಇದೆ." ಆಮೇಲೆ ನನ್ನ ಕೈ ಹಿಡಿದು, "ಏನಿದೆಯೋ ಅದನ್ನ ಕೊಟ್ಬಿಡು. ಅರ್ಧಕ್ಕೆ ಮಾತ್ರ ಕರ್ಕೊಂಡು ಬರ್ಬೇಡ" ಅಂದರು.

ಮಾರನೆಯ ದಿನ ತೆಂಗಿನಕಾಯಿ ಕೊಟ್ಟೆ. ದೇವರ ಮುಂದೆ ಅಪ್ಪನ ಮಣೆ ಹಾಕಿ, ಅದರ ಮೇಲೆ ಗಣಪಯ್ಯನನ್ನು ಕೂರಿಸಿ ಕೊಟ್ಟೆ. ಹೆಣ್ಣುಮಗಳಿಗೆ ಆ ಮನೆಗಳ ಮೇಲೆ ಏನು ಹಕ್ಕು ಎಂದು ನನಗೂ ಗೊತ್ತಿಲ್ಲ. ಹಕ್ಕಿದ್ದವನು ಜಾಲರಿಯ ಹಿಂದೆ ಇದ್ದ. ಆಮೇಲೆ ಒಂದೊಂದೇ ಮನೆಗೆ ಫೋನ್ ಮಾಡಿ, ಇನ್ನು ಮುಂದೆ ಗಣಪಯ್ಯನೇ ನಿಮ್ಮ ಪುರೋಹಿತರು ಎಂದೆ. ಯಾರಾದರೂ ನಿನ್ನನ್ನು ಕೇಳುತ್ತಾರೆ, ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಹೆಚ್ಚಿನವರು "ಸದ್ಯ" ಅಂದರು. ಆ ಮಾತು ಚುಚ್ಚಿದಷ್ಟು ಬೇರೆ ಯಾವುದೂ ನನ್ನನ್ನು ಚುಚ್ಚಲಿಲ್ಲ. ನಿನಗೆ ಅದನ್ನು ಬರೆಯುವುದು ಹೇಗೆ? ಆ ಮನೆಗಳಿವೆ ಎಂದೇ ಗಂಜಿ ಕುಡಿಯುತ್ತಿದ್ದೇನೆ ಎಂದು ನೀನು ಬರೆದಿದ್ದೆ. ಆ ಕಾಗದ ಓದಿದ ಮೂರನೇ ದಿನ ಮನೆಗಳನ್ನು ಕೊಟ್ಟವಳು ನಾನು. ನೀನು ಬದುಕಿದ್ದರೆ ನನ್ನ ಜೊತೆ ಜಗಳಕ್ಕಾದರೂ ಇರುತ್ತೀಯ ಎಂದು ಕೊಟ್ಟೆ.

ತಪ್ಪೋ ಸರಿಯೋ ನೀನು ಹೇಳು. ಬೈದು ಬರೆ, ಮೊದಲಿನ ಹಾಗೆ. ಆದರೆ ಬರೆ.

ಅಕ್ಕ


ಭದ್ರಾವತಿ
೮ ಅಕ್ಟೋಬರ್ ೨೦೨೫

ನಿರಂಜನಾ,

ನವರಾತ್ರಿ ಮುಗಿಯಿತು. ವಿಜಯದಶಮಿಗೆ ಬನ್ನಿ ಎಲೆ ಕಳಿಸಿದ್ದೆ, ತಲುಪಿತೇ? ನಿನ್ನ ಕಾಗದವಿಲ್ಲ. ಆಫೀಸಿಗೆ ಫೋನ್ ಮಾಡಿದರೆ "ಚೆನ್ನಾಗಿದಾರೆ ಮೇಡಂ, ಅಡುಗೆ ಮನೆಯಲ್ಲಿದಾರೆ" ಎನ್ನುತ್ತಾರೆ. ಚೆನ್ನಾಗಿರುವವನಿಗೆ ಒಂದು ಸಾಲು ಬರೆಯಲು ಕೈ ಬರುವುದಿಲ್ಲವೇ?

ಬರಬೇಡ ಎಂದು ನೀನು ಬರೆದೆ, ಬರಲಿಲ್ಲ. ಹದಿನಾರನೇ ತಾರೀಖು ನಿನ್ನನ್ನು ಬಿಡುತ್ತಾರೆ. ನಿನ್ನ ರೂಮು ಗುಡಿಸಿ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಮನೆಗಳಿಲ್ಲದಿದ್ದರೆ ಇಲ್ಲ. ಮನೆ ಇದೆ.

ಅಕ್ಕ


ಶಿವಮೊಗ್ಗ
೧೭ ಅಕ್ಟೋಬರ್ ೨೦೨೫

ಅಕ್ಕಾ,

ನಾನು ಕ್ಷೇಮ. ಈ ಸಲ ಮೊದಲು ಅದನ್ನೇ ಬರೆದಿದ್ದೇನೆ, ನೋಡು.

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿಗಲ್ಲ. ನಿನ್ನ ಕಾಗದ ಬಂದ ವಾರ ರೂಪೇಶನ ಜೊತೆ ತರಕಾರಿ ತರಲು ಹೋಗಿದ್ದೆ. ಅವನು ಸ್ಕೂಟರಿಗೆ ಪೆಟ್ರೋಲ್ ಹಾಕಿಸುತ್ತಿದ್ದ. ನಾನು ಚೀಲ ಹಿಡಿದು ಒಂದು ವೈನ್ ಶಾಪಿನ ಮುಂದೆ ನಿಂತೆ. ಒಳಗೆ ಹೋಗಲಿಲ್ಲ. ಆದರೆ ನಿಂತೆ. ರೂಪೇಶ್ ಬಂದವನು ಚೀಲದ ಇನ್ನೊಂದು ಕಿವಿ ಹಿಡಿದ, ಇಬ್ಬರೂ ಸ್ಕೂಟರಿನವರೆಗೆ ನಡೆದು ಹೋದೆವು. ಏನೂ ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ನಿಂತೆ ಎಂದು ಬರೆದರೆ ನೀನು ಹೆದರುತ್ತೀಯ. ಆ ಒಂದು ಸಾಲು ಬರೆಯಲು ಇಷ್ಟು ದಿನ ಬೇಕಾಯಿತು.

ಅದಕ್ಕೇ ಈಗಲೇ ಊರಿಗೆ ಬರುವುದಿಲ್ಲ. ಭದ್ರಾವತಿಯ ಬಸ್ ಸ್ಟ್ಯಾಂಡಿನಿಂದ ನಮ್ಮ ಬೀದಿಯವರೆಗೆ ಮೂರು ಅಂಗಡಿಗಳಿವೆ. ಮೊದಲಾಗಿದ್ದರೆ ನಡುನಡುವೆ ನಮ್ಮ ಮನೆಗಳೂ ಇದ್ದವು. ಯಾರಾದರೂ "ಭಟ್ರೇ, ಬನ್ನಿ" ಎಂದು ಕರೆಯುತ್ತಿದ್ದರು. ಈಗ ಅಂಗಡಿಗಳು ಮಾತ್ರ ಕರೆಯುತ್ತವೆ. ಇಲ್ಲೇ ಅಡುಗೆಗೆ ಇರುತ್ತೇನೆ. ಇನ್ನೂ ಒಂದು ತಿಂಗಳಿನ ಲೆಕ್ಕ ನನ್ನ ಮೇಲಿದೆ, ಅದು ತೀರಿದ ಮೇಲೂ ಎಷ್ಟು ದಿನ ಎಂದು ಗೊತ್ತಿಲ್ಲ. ಹಾಸಿಗೆಯನ್ನು ಸುತ್ತಿ ಒಳಗಿಡು, ಇಬ್ಬನಿಗೆ ಹಾಳಾಗುತ್ತದೆ. ನಿನಗೆ ಬೇಸರವಾಗುತ್ತದೆ ಎಂದು ಗೊತ್ತು. ನನಗೂ ಆಗಿದೆ.

ತಪ್ಪೋ ಸರಿಯೋ ಎಂದು ಕೇಳಿದ್ದೆ. ನನಗೆ ಗೊತ್ತಿಲ್ಲ ಅಕ್ಕಾ. ಮನೆಗಳನ್ನು ಕೊಡದಿದ್ದರೆ ನಾನು ಇರುತ್ತಿರಲಿಲ್ಲ. ಕೊಟ್ಟದ್ದರಿಂದ ಇರುವವನು ಯಾರು ಎಂದು ಇನ್ನೂ ಹುಡುಕುತ್ತಿದ್ದೇನೆ. ಆದರೂ ನಿನ್ನ ಮೇಲೆ ಸಿಟ್ಟಿಲ್ಲ. "ಸದ್ಯ" ಅಂದವರ ಮೇಲೂ ಇಲ್ಲ.

ಇವತ್ತು ಆಶ್ವಯುಜ ಬಹುಳ ದ್ವಾದಶಿ. ಈಗ ಬರೆಯಬಹುದು, ಪ್ರಣವನ ತಿಥಿ ಇದು.

ನಿನ್ನೆ ಬಿಡುಗಡೆಯ ಸಹಿ ಹಾಕಿಸಿಕೊಂಡು ಮೇಡಂ ಡ್ರಾಯರಿನಿಂದ ನಿನ್ನ ಜನಿವಾರ ತೆಗೆದುಕೊಟ್ಟರು. ಇವತ್ತು ಸ್ನಾನ ಮಾಡಿ ಹಾಕಿಕೊಂಡು ಹೊಸಮನೆಗೆ ನಡೆದೇ ಹೋದೆ. ದಾಕ್ಷಾಯಣಮ್ಮ ಬಾಗಿಲು ತೆರೆದು ಮೊದಲು ನನ್ನ ಕಾಲು ನೋಡಿದರು, ನೆಟ್ಟಗೆ ನಿಂತಿದ್ದೇನೆಯೇ ಎಂದು. ಆಮೇಲೆ ಮುಖ ನೋಡಿದರು. "ಬನ್ನಿ" ಅಂದರು, ಅಷ್ಟೇ.

ಎಂದಿನ ಹಾಗೆ ಮಗನ ಹೆಸರಿನಲ್ಲಿ ಸ್ವಯಂಪಾಕ ಜೋಡಿಸಿಟ್ಟಿದ್ದರು. ಮೊರದಲ್ಲಿ ಅಕ್ಕಿ, ಬೇಳೆ, ಒಂದು ಸೌತೆಕಾಯಿ, ಬೆಲ್ಲ, ಚಿಕ್ಕ ಬಟ್ಟಲಲ್ಲಿ ತುಪ್ಪ. ಒಬ್ಬನ ಊಟಕ್ಕೆ ಆಗುವಷ್ಟು. ಬಳೆಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅವರ ಕೈ ಬರಿದಾಗಿತ್ತು.

ಸಂಕಲ್ಪ ಹೇಳಿದೆ. ಕಾಶ್ಯಪ ಗೋತ್ರಸ್ಯ ಪ್ರಣವ ಶರ್ಮಣಃ ಎನ್ನುವಲ್ಲಿಗೆ ಬಂದಾಗ ಹೆದರಿಕೆಯಾಯಿತು. ಪ್ರತಿ ವರ್ಷ ನಾಲಿಗೆ ತೊದಲುತ್ತಿದ್ದದ್ದು ಅಲ್ಲೇ. ನಿಲ್ಲಿಸಿ, ಉಸಿರು ತೆಗೆದುಕೊಂಡು, ಒಂದೊಂದು ಅಕ್ಷರವಾಗಿ ಹೇಳಿದೆ.

ದಾಕ್ಷಾಯಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಹಳ ಹೊತ್ತು ಅತ್ತರು. ನಾನು ದರ್ಭೆ ಹಿಡಿದು ಹಾಗೇ ಕೂತಿದ್ದೆ. ಕೊನೆಗೆ ಕಣ್ಣೊರೆಸಿಕೊಂಡು ಅವರು ಅಂದರು: "ಅವ್ನು ಹೋದ್ಮೇಲೆ ಇದೇ ಮೊದಲ್ನೇ ಸಲ ಭಟ್ರೇ, ನನ್ನ ಮಗನ ಹೆಸ್ರು ಪೂರ್ತಿ ಕೇಳಿಸ್ತು. ಇನ್ನೊಂದ್ಸಲ ಹೇಳ್ತೀರಾ?"

ಹೇಳಿದೆ ಅಕ್ಕಾ.

ನಿರಂಜನ